2147483647ನ್ನು ಯಾರು ಭಾಗಿಸಬಹುದು?

ಪ್ರೀತಿಯ ಗೆಳೆಯಾ,

ಹೋದ ಸಲ ನೀನು ಕೇಳಿದ್ದೆ: "ಅಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯ ಅಂತ ಹೇಗೆ ಗೊತ್ತಾಗುತ್ತೆ ಮಾರಾಯಾ, ಎಲ್ಲದರಿಂದಲೂ ಭಾಗಿಸಿ ನೋಡ್ತಾರಾ?" ಅವತ್ತು ಏನೋ ಹೇಳಿ ಜಾರಿಕೊಂಡೆ. ಇವತ್ತು ಕೂತು ಬರೆಯುತ್ತಿದ್ದೇನೆ.

2147483647ನ್ನೇ ತಗೋ. 2ರ 31ನೇ ಘಾತದಲ್ಲಿ ಒಂದು ಕಳೆದರೆ ಬರುವ ಸಂಖ್ಯೆ ಇದು. ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕದಲ್ಲಿ ಬರೆದರೆ ಸಾಲಾಗಿ 31 ಒಂದುಗಳು, ಅಷ್ಟೇ. ಇದು ಅವಿಭಾಜ್ಯ ಅಂತ 1772ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದರು. ಯಂತ್ರದ ಮಾತು ಬಿಡು, ಆಗ ಅವರಿಗೆ ಕಣ್ಣೇ ಹೆಚ್ಚುಕಮ್ಮಿ ಕಾಣುತ್ತಿರಲಿಲ್ಲ.

ಸುಮ್ನೆ ಭಾಗಿಸುತ್ತಾ ಹೋದರೆ ವರ್ಗಮೂಲದವರೆಗೆ, ಅಂದರೆ 46340ರವರೆಗೆ ಇರುವ ಅವಿಭಾಜ್ಯಗಳನ್ನೆಲ್ಲ ನೋಡಬೇಕು. ಸುಮಾರು 4800 ಇವೆ. ಆದರೆ ಅಷ್ಟು ಬೇಕಾಗಿಲ್ಲ.

ಯಾವುದೋ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೋ. ಒಂದರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗು. ಪ್ರತಿ ಸಲ ಆ ಭಾಜಕದಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೋ. 31 ಹೆಜ್ಜೆಗೆ ಮತ್ತೆ ಒಂದಕ್ಕೇ ಬರುತ್ತೀಯ, ಯಾಕೆಂದರೆ 2ರ 31ನೇ ಘಾತ ನಮ್ಮ ಸಂಖ್ಯೆಗಿಂತ ಒಂದೇ ಜಾಸ್ತಿ. 31 ಕೂಡ ಅವಿಭಾಜ್ಯ, ಹಾಗಾಗಿ ಅದಕ್ಕೆ ಮೊದಲು ಎಲ್ಲೂ ಒಂದು ಸಿಗುವುದಿಲ್ಲ. ಇತ್ತ ಗಣಿತಜ್ಞ ಫರ್ಮಾ ಹೇಳಿದ ನಿಯಮ ಇದೆ: ಭಾಜಕಕ್ಕಿಂತ ಒಂದು ಕಡಿಮೆ ಹೆಜ್ಜೆ ಹಾಕಿದರೂ ಒಂದಕ್ಕೆ ಬರಲೇಬೇಕು. ಅಂದಮೇಲೆ ಆ ಹೆಜ್ಜೆಗಳು 31ರ ಪೂರ್ತಿ ಸುತ್ತುಗಳೇ ಆಗಿರಬೇಕು, ಅಲ್ವಾ? ಭಾಜಕ ಬೆಸ ಬೇರೆ, ಅದರಲ್ಲಿ ಒಂದು ಕಳೆದರೆ ಸಮ. ಹಾಗಾಗಿ ಅದು 62ರ ಯಾವುದೋ ಗುಣಕಕ್ಕಿಂತ ಒಂದು ಜಾಸ್ತಿ ಇರಲೇಬೇಕು. 3, 5, 7, 11 ಎಲ್ಲ ಒಂದೇ ಏಟಿಗೆ ಹೊರಗೆ!

ಇನ್ನೊಂದು ಜರಡಿಯೂ ಇದೆ. ಅದರ ಕಾರಣ ಉದ್ದ, ಮುಂದಿನ ಪತ್ರಕ್ಕಿರಲಿ. ಆ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಇಲ್ಲವೇ 7 ಮಾತ್ರ ಬರಬಹುದು. ಎರಡೂ ಜರಡಿ ಹಿಡಿದರೆ ಉಳಿಯುವುದು ಎಂಬತ್ತು ಚಿಲ್ಲರೆ ಅವಿಭಾಜ್ಯಗಳು. ಮೊದಲನೆಯದು 311, ಅದಾದ ಮೇಲೆ ಒಮ್ಮೆಲೇ 1303. ಆಯ್ಲರ್ ಎಲ್ಲವನ್ನೂ ನೋಡಿದರು, ಒಂದೂ ಭಾಗಿಸಲಿಲ್ಲ.

ಘಾತ ಅವಿಭಾಜ್ಯ ಆಗಿಬಿಟ್ಟರೆ ಸಾಕು ಅಂದುಕೊಳ್ಳಬೇಡ. ನಾನೂ ಹಾಗೇ ಅಂದುಕೊಂಡಿದ್ದೆ. 2ರ 11ನೇ ಘಾತದಲ್ಲಿ ಒಂದು ಕಳೆದರೆ 2047. ಅದು 23 × 89. ಎರಡೂ 22ರ, ಅಂದರೆ 11ರ ಎರಡರಷ್ಟರ, ಗುಣಕಕ್ಕಿಂತ ಒಂದು ಜಾಸ್ತಿ, ನೋಡು. ಫ್ರಾನ್ಸಿನ ವಿದ್ವಾಂಸ ಮೆರ್ಸೆನ್ ಕೂಡ ಹೀಗೆ ಅವಿಭಾಜ್ಯ ಕೊಡುವ ಘಾತಗಳು ಅಂತ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 31ನ್ನು ಸರಿಯಾಗಿಯೇ ಸೇರಿಸಿ, 67ರಲ್ಲಿ ಎಡವಿದ್ದರು.

ಈಗ ನಿನಗೊಂದು ಕೆಲಸ. 2ರ 23ನೇ ಘಾತದಲ್ಲಿ ಒಂದು ಕಳೆದರೆ 8388607. ಅವಿಭಾಜ್ಯವೋ ಅಲ್ಲವೋ ಹೇಳು. ಎರಡು ಜರಡಿಯನ್ನೂ ಹಿಡಿ. ಪೆನ್ನು, ಕಾಗದ ಸಾಕು. ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಇಂತಿ,
ನಿನ್ನ ಗೆಳೆಯ