ಎರಡು ಜೋಗದ ಎತ್ತರದಿಂದ

ಹಾಂಗ್‌ಕಾಂಗ್
ಗುರುವಾರ, ಬೆಳಗಿನ ಜಾವ

ಪ್ರೀತಿಯ ಅಪ್ಪಯ್ಯ ಮತ್ತು ಆಯಿಗೆ,

ಸುಮಾ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಸಿಂಗಾಪುರದಲ್ಲಿ ಇವರು, ಪುಟ್ಟಿ ಇಬ್ಬರೂ ಆರಾಮ. ನೀವೂ ಕ್ಷೇಮವೆಂದು ನಂಬಿದ್ದೇನೆ ಅಂತ ಪ್ರತಿ ಸಲ ಬರೆಯುತ್ತಿದ್ದೆ. ಈ ಸಲ ಬರೆಯಲು ಆಗುತ್ತಿಲ್ಲ.

ಆಯಿಯ ಕಾಗದ ಸೋಮವಾರ ಸಿಕ್ಕಿತು. ಮಂಗಳವಾರ ಆಫೀಸಿನ ಕೆಲಸಕ್ಕೆ ಇಲ್ಲಿಗೆ ಹೊರಡಬೇಕಿತ್ತು, ಹಾಗಾಗಿ ಕಾಗದವನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದೆ. ಅಪ್ಪಯ್ಯ, ಆಯಿಯ ಮೇಲೆ ಸಿಟ್ಟು ಮಾಡಬೇಡ. ನಾನು ಫೋನ್ ಮಾಡಿದಾಗಲೆಲ್ಲ ನೀನೇ ಎತ್ತುತ್ತೀಯ, "ಎಲ್ಲಾ ಸರಿ ಇದ್ದು" ಅಂತೀಯ, ಮಾತು ಗೌರಿ ಕರು ಹಾಕಿದ ಸುದ್ದಿಗೆ ಹೊರಳುತ್ತದೆ. ನಿನ್ನ ಎದುರು ಅವಳು ಏನಂತ ಹೇಳಬೇಕು? ಅದಕ್ಕೇ ಬರೆದಿದ್ದಾಳೆ. ಬಚ್ಚಲಲ್ಲಿ ಒಂದು ಸಲ, ಹಳ್ಳ ದಾಟುವ ತೋಟದ ಸಂಕದ ಮೇಲೆ ಒಂದು ಸಲ ನಿನಗೆ ಕಣ್ಣು ಕತ್ತಲೆ ಬಂದಿದ್ದು, ಹುಬ್ಬಳ್ಳಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಯಂತ್ರ ಕಟ್ಟಿ ನೋಡಿದ್ದು, ನಿದ್ರೆಯಲ್ಲಿ ಎದೆಬಡಿತ ನಿಮಿಷಕ್ಕೆ ಮೂವತ್ತಕ್ಕೆ ಇಳಿದಿದ್ದು, ಪೇಸ್‌ಮೇಕರ್ ಹಾಕಲೇಬೇಕು ಎಂದು ಡಾಕ್ಟರ್ ಹೇಳಿದ್ದು, "ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡುವ" ಎಂದು ನೀನು ಎದ್ದು ಬಂದಿದ್ದು. ಎಲ್ಲಾ ಗೊತ್ತಾಯಿತು.

ಮೊದಲು ನಾನು ಎಲ್ಲಿದ್ದೇನೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಯಿಗೆ ಅದೇ ಚಿಂತೆ. ರಿಟ್ಜ್ ಕಾರ್ಲ್‌ಟನ್ ಅಂತ ಹೋಟೆಲ್. ಖರ್ಚು ಪೂರ್ತಿ ಕಂಪನಿಯದು. ಕೌಲೂನ್ ಕಡೆ ಸಮುದ್ರದ ಅಂಚಿಗೇ ಐಸಿಸಿ ಅಂತ ಒಂದು ಕಟ್ಟಡ ಇದೆ, ಅದರ ತುದಿಯ ಅಂತಸ್ತುಗಳಷ್ಟೇ ಹೋಟೆಲ್, ಕೆಳಗೆ ಹೆಚ್ಚಾಗಿ ಆಫೀಸು. ಕಟ್ಟಡದ ಎತ್ತರ 484 ಮೀಟರ್. ಜೋಗದಲ್ಲಿ ರಾಜ ಬೀಳುವುದು 253 ಮೀಟರ್ ಅಲ್ವಾ? ಹೆಚ್ಚುಕಡಿಮೆ ಒಂದರ ಮೇಲೊಂದು ಎರಡು ಜೋಗ ಇಟ್ಟ ಹಾಗೆ. ಹೆಸರು ಬರೆಸಿ ರೂಮಿನ ಕೀ ತಗೊಳ್ಳುವ ಜಾಗವೇ 103ನೇ ಅಂತಸ್ತಿನಲ್ಲಿದೆ. ಕೆಳಗಿನಿಂದ ಲಿಫ್ಟಿನಲ್ಲಿ ಅಲ್ಲಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ದೇವಿಮನೆ ಘಟ್ಟ ಹತ್ತುವಾಗ ಕಿವಿ ಕಟ್ಟುತ್ತದಲ್ಲ, ಹಾಗೇ ಕಟ್ಟಿ ಬಿಟ್ಟಿತು.

ಇನ್ನೊಂದು ವಿಷಯ. ಲೆಕ್ಕದಲ್ಲಿ 118 ಅಂತಸ್ತು, ನಿಜಕ್ಕೆ ಇರುವುದು 108. ಇವರ ಭಾಷೆಯಲ್ಲಿ ನಾಲ್ಕು ಅನ್ನುವ ಮಾತೂ ಸಾವು ಅನ್ನುವ ಮಾತೂ ಕೇಳಲು ಹೆಚ್ಚುಕಡಿಮೆ ಒಂದೇ. ಅದಕ್ಕೆ ನಾಲ್ಕು ಬರುವ ಅಂಕಿಗಳನ್ನು ಹಾರಿಸಿಬಿಟ್ಟಿದ್ದಾರೆ. ಇಷ್ಟು ದೊಡ್ಡ ಕಟ್ಟಡ ಕಟ್ಟಿದವರೂ ಹಿರಿಯರ ಮಾತು ಬಿಟ್ಟಿಲ್ಲ ನೋಡು. ನನಗಂತೂ 108 ಕೇಳಿ ನೀನು ಬೆಳಿಗ್ಗೆ ಹೇಳುವ ಅಷ್ಟೋತ್ತರ ನೆನಪಾಯಿತು.

ರೂಮಿನ ಒಂದು ಗೋಡೆ ಪೂರ್ತಿ ಗಾಜು. ಎದುರಿಗೆ ಬಂದರು, ಅದರಾಚೆ ಹಾಂಗ್‌ಕಾಂಗ್ ದ್ವೀಪ, ಹಿಂದೆ ಹಸಿರು ಗುಡ್ಡ. ಎರಡು ದಡದ ಮಧ್ಯೆ ಓಡಾಡುವ ಸ್ಟಾರ್ ಫೆರಿ ದೋಣಿಗಳು ಇಲ್ಲಿಂದ ನೋಡಿದರೆ ಹೊಳೆಯಲ್ಲಿ ತೇಲುವ ಹಾಳೆಯ ಚೂರಿನಷ್ಟು ಕಾಣುತ್ತವೆ. ನಿನ್ನೆ ಬೆಳಿಗ್ಗೆ ಹದ್ದುಗಳು ಸುತ್ತುತ್ತಿದ್ದವು, ನನ್ನ ಕಿಟಕಿಯಿಂದ ಎಷ್ಟೋ ಕೆಳಗೆ. ಹದ್ದಿನ ಹೊಟ್ಟೆಯನ್ನು ನೋಡುತ್ತಾ ಬೆಳೆದವಳು ನಾನು, ಬೆನ್ನು ನೋಡಿದ್ದು ಇದೇ ಮೊದಲು. ಕಂದು ಬಣ್ಣ, ರೆಕ್ಕೆಯ ಮೇಲೆ ತೆಳುವಾದ ಪಟ್ಟಿ, ಒಂದು ಸಲವೂ ಬಡಿಯದೆ ಗಾಳಿಯಲ್ಲಿ ಹಾಗೇ ಜಾರುತ್ತಿತ್ತು. ಪುಟ್ಟಿಗೆ ತೋರಿಸಬೇಕು ಅನ್ನಿಸಿತು. ಆಮೇಲೆ ನಿನಗೆ ತೋರಿಸಬೇಕು ಅನ್ನಿಸಿತು.

ಊಟದ ಚಿಂತೆ ಬೇಡ. ಆಯಿ ಕಟ್ಟಿಕೊಟ್ಟ ಗೊಜ್ಜವಲಕ್ಕಿ ಪುಡಿ ಇನ್ನೂ ಇದೆ. ಇಲ್ಲಿಯೂ ಬೌದ್ಧರಲ್ಲಿ ಎಷ್ಟೋ ಜನ ತಿಂಗಳಿಗೆ ಎರಡು ದಿನ, ಅವರ ಪಂಚಾಂಗದ ಒಂದನೇ ದಿನ ಮತ್ತು ಹದಿನೈದನೇ ದಿನ, ಮಾಂಸ ಮುಟ್ಟುವುದಿಲ್ಲವಂತೆ, ನಮ್ಮ ಏಕಾದಶಿಯ ಹಾಗೆ. ಹಾಗಾಗಿ ಸಸ್ಯಾಹಾರ ಅಂದರೆ ಅವರಿಗೆ ಅರ್ಥವಾಗುತ್ತದೆ. ಅಪ್ಪಯ್ಯನಿಗೆ ಇಷ್ಟವಾಗುವ ಒಂದು ಸಂಗತಿ: ಈ ಊರಿನ ಹೆಚ್ಚಿನ ಮನೆಗಳಲ್ಲಿ ಪಾಯಖಾನೆಗೆ ಬಿಡುವುದು ಸಮುದ್ರದ ಉಪ್ಪು ನೀರು. ಅದಕ್ಕೆ ಬೇರೆಯೇ ಪೈಪು ಹಾಕಿದ್ದಾರೆ. ಸಿಹಿ ನೀರು ಅದಕ್ಕೆ ಹಾಳು ಮಾಡುವುದಿಲ್ಲ. ನೀನಾಗಿದ್ದರೆ ಇದನ್ನು ಸೊಸೈಟಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದೆ.

ಸರಿ, ಈಗ ನಿನ್ನ ವಿಷಯ.

ನಿದ್ರೆ ಬರುತ್ತಿಲ್ಲ ಅಪ್ಪಯ್ಯ. ಹಾಸಿಗೆ ಮೋಡದ ಹಾಗಿದೆ, ಆದರೂ ಬರುತ್ತಿಲ್ಲ. ಈ ರೂಮಿಗೆ ಒಂದು ರಾತ್ರಿಗೆ ಐವತ್ತು ಸಾವಿರ ರೂಪಾಯಿ ಮೇಲಾಗುತ್ತದೆ. ಮೂರ್ನಾಲ್ಕು ರಾತ್ರಿಯ ಬಾಡಿಗೆ ಕೂಡಿಸಿದರೆ ನಿನ್ನ ಎದೆಯ ಯಂತ್ರದ ದುಡ್ಡಾಗುತ್ತದೆ. ನಾನು ಇಲ್ಲಿ ಮಲಗಿದ್ದೇನೆ, ನೀನು ಅಲ್ಲಿ ದುಡ್ಡಿನ ಲೆಕ್ಕ ಹಾಕುತ್ತಾ ಸಂಕ ದಾಟುತ್ತಿದ್ದೀಯ. ಇದು ನನಗೆ ಸಹಿಸಲು ಆಗುತ್ತಿಲ್ಲ. "ಮಗಳ ದುಡ್ಡಲ್ಲಿ ಯಾಕೆ" ಎಂದೆಯಂತೆ. ನನ್ನನ್ನು ಓದಿಸಲು ಮೇಲಿನ ತೋಟದ ಫಸಲನ್ನು ಎರಡು ವರ್ಷ ಮುಂಗಡ ಚೇಣಿಗೆ ಕೊಟ್ಟೆಯಲ್ಲ, ಆಗ ನಾನು ಹಾಗೆ ಕೇಳಿದ್ದೆನಾ? ದುಡ್ಡು ನಿನ್ನೆಯೇ ರಘುವಿನ ಖಾತೆಗೆ ಹಾಕಿದ್ದೇನೆ. ವಾಪಸ್ ಮಾತಿಲ್ಲ.

ಇನ್ನು ಯಂತ್ರದ ಮೇಲೆ ನಂಬಿಕೆ ಇಲ್ಲ ಎಂಬ ಮಾತು. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸುವಾಗಲೂ ನೀನು ಇದನ್ನೇ ಹೇಳಿದ್ದೆ. ಅದಕ್ಕಿಂತ ಮುಂಚೆ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ಬ್ಯಾಟರಿ ಹಿಡಿದುಕೊಂಡು ಹೊಳೆಯ ಹತ್ತಿರ ಹೋಗುತ್ತಿದ್ದೆ. ಈಗ ಪಂಪು ಸರಿಯಾಗಿ ಓಡುವಾಗ ಅದು ಸುಮ್ನೆ ಕೂತಿರುತ್ತದೆ, ನಿಂತಾಗ ತಾನೇ ಚಾಲೂ ಮಾಡುತ್ತದೆ. ಪೇಸ್‌ಮೇಕರ್ ಕೆಲಸವೂ ಅಷ್ಟೇ. ಎದೆ ತನ್ನಷ್ಟಕ್ಕೆ ಬಡಿಯುತ್ತಿದ್ದರೆ ಸುಮ್ನೆ ನೋಡುತ್ತಿರುತ್ತದೆ. ಬಡಿತ ತಪ್ಪಿದಾಗ ಒಂದು ಸಣ್ಣ ತಟ್ಟು ಕೊಡುತ್ತದೆ. ಎದೆ ಸೀಳುವ ಆಪರೇಷನ್ ಅಲ್ಲ. ಹೆಗಲಿನ ಎಲುಬಿನ ಕೆಳಗೆ ಚರ್ಮದಡಿ ಇಡುತ್ತಾರೆ, ಅಲ್ಲಿಂದ ರಕ್ತನಾಳದೊಳಗೆ ತೆಳು ತಂತಿ ಹೃದಯಕ್ಕೆ ಹೋಗುತ್ತದೆ. ಹೆಚ್ಚಾಗಿ ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ. ಎರಡು ಮೂರು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಬ್ಯಾಟರಿ ಎಂಟು ಹತ್ತು ವರ್ಷ ಬರುತ್ತದೆ.

ಓದಿದ್ದನ್ನಷ್ಟೇ ಹೇಳುತ್ತಿಲ್ಲ, ನೋಡಿದ್ದನ್ನೂ ಹೇಳುತ್ತೇನೆ. ನಮ್ಮ ಜೊತೆ ಸಿಂಗಾಪುರದಿಂದ ಹಿರಿಯರೊಬ್ಬರು ಬಂದಿದ್ದಾರೆ, ಅರವತ್ತೆರಡು ವರ್ಷ. ಈ ಹೋಟೆಲಿನ ಈಜುಕೊಳ ಇರುವುದು 118ನೇ ಅಂತಸ್ತಿನಲ್ಲಿ. ನಿನ್ನೆ ಸಂಜೆ ನಾನು ಸುಮ್ನೆ ನೋಡಲು ಹೋದೆ, ಅವರು ಆ ತುದಿಯಿಂದ ಈ ತುದಿಗೆ ಈಜುತ್ತಿದ್ದರು. ಮೇಲೆ ಬಂದು ಟವೆಲ್ ಹೊದೆಯುವಾಗ ಎಡ ಹೆಗಲ ಕೆಳಗೆ ಚರ್ಮ ಸ್ವಲ್ಪ ಉಬ್ಬಿದ್ದು ಕಾಣಿಸಿತು, ಬೆಂಕಿಪೊಟ್ಟಣವನ್ನು ತೆಳುವಾಗಿ ಮಾಡಿ ಒಳಗೆ ಜಾರಿಸಿದ ಹಾಗೆ. ಅದರ ಮೇಲೆ ಬೆರಳುದ್ದದ ಬಿಳಿ ಗೆರೆ. ನನಗೆ ತಡೆಯಲು ಆಗಲಿಲ್ಲ, ಕೇಳಿಯೇಬಿಟ್ಟೆ. ಆರು ವರ್ಷ ಆಯಿತಂತೆ. ಅವರೂ ನಿನ್ನ ಹಾಗೆ ಮುಂದೆ ಹಾಕಿದ್ದರಂತೆ. ಒಂದು ದಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದು ಸೊಂಟ ಮುರಿಯಿತು. "ಯಂತ್ರ ಮೊದಲೇ ಹಾಕಿಸಿದ್ದರೆ ಸೊಂಟ ಉಳಿಯುತ್ತಿತ್ತು. ನಿಮ್ಮ ತಂದೆಗೆ ಇದನ್ನು ಹೇಳಿ" ಎಂದರು. ಹೇಳಿದ್ದೇನೆ.

ಮಂಗಳವಾರ ಮಧ್ಯಾಹ್ನ ಇನ್ನೊಂದು ನೋಡಿದೆ. ಗಾಜು ಒರೆಸುವವರು ಇಬ್ಬರು, ತೊಟ್ಟಿಲಿನಂಥ ಒಂದು ಪೆಟ್ಟಿಗೆಯಲ್ಲಿ ನಿಂತು ಮೇಲಿನಿಂದ ಇಳಿದು ಬಂದರು. ನನಗೂ ಅವರಿಗೂ ಮಧ್ಯೆ ಬರೀ ಗಾಜು. ಒಬ್ಬನ ಸೊಂಟದ ಬೆಲ್ಟಿನಿಂದ ಹಗ್ಗ ಹೋಗಿತ್ತು. ಕೆಲಸ ಶುರು ಮಾಡುವ ಮೊದಲು ಕೊಂಡಿ ಹಿಡಿದು ಎರಡು ಸಲ ಎಳೆದು ನೋಡಿದ. ಕೊನೆಗೌಡ ಗಣಪ ಅಡಿಕೆ ಮರ ಹತ್ತುವ ಮೊದಲು ಕಾಲಿಗೆ ಹಾಕುವ ತಳೆಯನ್ನು ಎಳೆದು ನೋಡುವ ಹಾಗೇ. ನೀನೇ ಅಲ್ವಾ ನಮಗೆ ಹೇಳುತ್ತಿದ್ದುದು, ಹೆದರಿಕೆ ಇದ್ದವ ತಳೆ ನೋಡುವುದಲ್ಲ, ಕೆಲಸ ಗೊತ್ತಿದ್ದವ ನೋಡುವುದು ಅಂತ? ಇದೂ ಅಷ್ಟೇ ಅಪ್ಪಯ್ಯ. ಹೆದರಿದವನ ಕೆಲಸ ಅಂತ ತಿಳಿಯಬೇಡ.

ಕೊಯ್ಲಿನ ಬಗ್ಗೆ ರಘುವಿನ ಹತ್ತಿರ ಮಾತಾಡಿದ್ದೇನೆ. ಗಣಪನ ತಂಡ ಬರುತ್ತದೆ. ಕೆಳಗಿನ ತೋಟಕ್ಕೆ ಕಾರ್ಬನ್ ಫೈಬರ್ ದೋಟಿಯವರನ್ನು ಕರೆಯುತ್ತಾನೆ, ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ. ಆಪರೇಷನ್ ಆದ ಮೇಲೆ ತಿಂಗಳು, ಒಂದೂವರೆ ತಿಂಗಳು ಆ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಈ ವಾರವೇ ಹೋದರೆ ಚಾಲಿ ಅಡಿಕೆ ಒಣಗುವ ಹೊತ್ತಿಗೆ ನೀನೇ ಅಂಗಳದಲ್ಲಿ ಕೂತು ಯಜಮಾನಿಕೆ ಮಾಡಬಹುದು. ಕೊಯ್ಲು ಮುಗಿದ ಮೇಲೆ ಅಂದರೆ ಆಮೇಲೆ ಮದುವೆ, ಉಪನಯನ, ಆಮೇಲೆ ಕೊಳೆ ರೋಗಕ್ಕೆ ಮದ್ದು ಹೊಡೆಯುವುದು. ತೋಟದ ಕೆಲಸ ಮುಗಿದ ವರ್ಷ ಯಾವುದಿದೆ ಹೇಳು.

ಮೊಬೈಲನ್ನು ಎದೆಯ ಜೇಬಲ್ಲಿ ಇಡುವ ಅಭ್ಯಾಸ ಮಾತ್ರ ಬಿಡಬೇಕು. ವೆಲ್ಡಿಂಗ್ ಮಾಡುವಲ್ಲಿ ಹತ್ತಿರ ನಿಲ್ಲಬಾರದು. ಒಂದು ಕಾರ್ಡ್ ಕೊಡುತ್ತಾರೆ, ಅದು ಜೇಬಲ್ಲಿರಲಿ. ಸಿಂಗಾಪುರಕ್ಕೆ ಬರುವಾಗ ವಿಮಾನ ನಿಲ್ದಾಣದಲ್ಲಿ ಅದನ್ನು ತೋರಿಸಿದರೆ ಸಾಕು. ಹೌದು, ಈ ಸಲ ಬರಲೇಬೇಕು. ಪುಟ್ಟಿ ದಿನಾ ಕೇಳುತ್ತಾಳೆ.

ಆಯಿ, ನೀನು ಅಳಬೇಡ. ಭಯ ಪಡುವಂಥದ್ದು ಏನೂ ಇಲ್ಲ. ಹಾರ್ಟ್ ಅಟ್ಯಾಕ್ ಅಲ್ಲ ಇದು, ಬಡಿತ ನಿಧಾನ ಆಗಿರುವುದು ಅಷ್ಟೇ. ದಿನಾ ಎಷ್ಟೋ ಜನ ಹಾಕಿಸಿಕೊಳ್ಳುತ್ತಾರೆ. ಏನೂ ಆಗುವುದಿಲ್ಲ. ನನಗೆ ಸ್ವಲ್ಪವೂ ಭಯ ಇಲ್ಲ, ನಿಜವಾಗಿಯೂ ಇಲ್ಲ. ಎಲ್ಲಾ ಸರಿಯಾಗುತ್ತದೆ. ಹುಬ್ಬಳ್ಳಿ ಬೇಡ ಅನ್ನಿಸಿದರೆ ಮಣಿಪಾಲಕ್ಕೆ ಹೋಗಿ, ಸರೋಜತ್ತೆಯ ಮನೆ ಉಡುಪಿಯಲ್ಲೇ ಇದೆ. ದಿನ ಗೊತ್ತಾದ ಕೂಡಲೇ ನಾನು ಟಿಕೆಟ್ ಮಾಡಿಸುತ್ತೇನೆ. ರಜೆ ಕೇಳಿ ಆಗಿದೆ.

ಬೆಳಕು ಹರಿಯಿತು. ಎಂಟೂವರೆಗೆ ಮೀಟಿಂಗ್, ಇನ್ನೂ ಸ್ನಾನ ಆಗಿಲ್ಲ. ಇದರ ಫೋಟೋ ರಘುವಿಗೆ ಕಳಿಸುತ್ತೇನೆ, ಇವತ್ತೇ ಓದಿ ಹೇಳಲಿ. ಕಾಗದ ಹಿಂದಿನಿಂದ ಬರುತ್ತದೆ. ರಾತ್ರಿ ನಿಮ್ಮಲ್ಲಿ ಏಳು ಗಂಟೆಗೆ ಫೋನ್ ಮಾಡುತ್ತೇನೆ, ಫೋನ್ ಆಯಿ ಎತ್ತಲಿ.

ಅಪ್ಪಯ್ಯ, ಆಸ್ಪತ್ರೆಗೆ ಹೋಗುವ ತನಕ ತೋಟಕ್ಕೆ ಒಬ್ಬನೇ ಇಳಿಯಬೇಡ. ಸಂಕಕ್ಕೆ ಎರಡೂ ಕಡೆ ಹಿಡಿಯಲು ಗಳ ಕಟ್ಟಿಸು. ಇವತ್ತೇ.

ಇಂತಿ ನಿಮ್ಮ
ಸುಮಾ