ಊರು ಎಣಿಸಬೇಡ, ವಿಮಾನ ಎಣಿಸು

ಪ್ರೀತಿಯ ರವಿ,

ನಿನ್ನ ಪಟ್ಟಿ ನೋಡಿದೆ. ಬೆಂಗಳೂರಿನಿಂದ ಬ್ಯಾಂಕಾಕ್, ಹನೋಯ್, ಟೋಕಿಯೊ, ಆಮೇಲೆ ಅಮೆರಿಕ, ಲಂಡನ್, ವಾಪಸ್ ಮನೆ. ರಿಟೈರ್ ಆದಮೇಲೆ ನೀನೂ ಅತ್ತಿಗೆಯೂ ಭೂಮಿಯನ್ನೇ ಒಂದು ಸುತ್ತು ಹಾಕಿ ಬರ್ತೀರಿ ಅಂದರೆ ನನಗೆ ತುಂಬಾ ಖುಷಿ. ಆದರೆ ನೀನು ಊರು ಎಣಿಸಿದ್ದೀಯ. ಈ ಟಿಕೆಟ್‌ನಲ್ಲಿ ಮೊದಲು ಎಣಿಸಬೇಕಾದ್ದು ವಿಮಾನ.

ನೀನು ನೋಡಿರುವ ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್ ಅನ್ನೋದು ಹಲವು ವಿಮಾನ ಕಂಪನಿಗಳ ಕೂಟ ಕೊಡುವ ಭೂಮಿ ಸುತ್ತುವ ಟಿಕೆಟ್. ಅದಕ್ಕೆ ದರ ಬೀಳೋದು ಎಷ್ಟು ಖಂಡ ಅನ್ನೋದರ ಮೇಲೆ. ಒಟ್ಟು 16 ಸೆಕ್ಟರ್‌ಗೆ ಮಿತಿ; ಸೆಕ್ಟರ್ ಅಂದರೆ ಒಂದೂರಿಂದ ಇನ್ನೊಂದೂರಿಗೆ ಒಂದು ಹಾರಾಟ. ಒಂದು ಖಂಡದೊಳಗೆ 4, ಉತ್ತರ ಅಮೆರಿಕದಲ್ಲಿ ಮಾತ್ರ 6. ವಿಮಾನ ಬದಲಿಸಿದರೂ ಅದು ಇನ್ನೊಂದು ಸೆಕ್ಟರ್. ಬ್ಯಾಂಕಾಕ್‌ಗೆ ಕ್ವಾಲಾಲಂಪುರದ ಮೇಲೆ ಹೋದರೆ ಎರಡು. ಅಲ್ಲಿಂದ ಹಾಂಗ್‌ಕಾಂಗ್ ಮೇಲೆ ಹನೋಯ್‌ಗೆ ಇನ್ನೆರಡು. ಟೋಕಿಯೊ ತಲುಪುವ ಮೊದಲೇ ಏಷ್ಯಾದ ಕೋಟಾ ಮುಗಿಯಿತು!

ಸ್ಟಾಪ್‌ಓವರ್ ಲೆಕ್ಕ ಬೇರೆ. ಒಂದೂರಲ್ಲಿ 24 ಗಂಟೆಗಿಂತ ಜಾಸ್ತಿ ನಿಂತರೆ ಮಾತ್ರ ಅದು ಸ್ಟಾಪ್‌ಓವರ್. ಹೊರಟ ಖಂಡದಲ್ಲಿ ಅಂಥವು ಎರಡೇ. ನಿನ್ನ ಪಟ್ಟಿಯಲ್ಲಿ ಏಷ್ಯಾದಲ್ಲೇ ಮೂರಿವೆ, ಅಲ್ವಾ? ಬೆಳಿಗ್ಗೆ ಇಳಿದು ಅದೇ ರಾತ್ರಿ ಹೊರಟರೆ ಊರು ನೋಡಿದ ಹಾಗೂ ಆಯಿತು, ಸ್ಟಾಪ್‌ಓವರ್ ಉಳಿದ ಹಾಗೂ ಆಯಿತು. ಸೆಕ್ಟರ್ ಮಾತ್ರ ಉಳಿಯುವುದಿಲ್ಲ.

ನನ್ನ ಮಾತು ಕೇಳು. ಬ್ಯಾಂಕಾಕ್, ಹನೋಯ್ ಎರಡನ್ನೂ ಇದರಿಂದ ತೆಗೆ. ಅವು ಹತ್ತಿರದ ಊರುಗಳು, ಇನ್ನೊಂದು ಚಳಿಗಾಲಕ್ಕೆ ಬೇರೆ ಟಿಕೆಟ್ ತೆಗೆದು ಹೋಗಬಹುದು. ಜಪಾನ್ ಏರ್‌ಲೈನ್ಸ್‌ನಲ್ಲಿ ಬೆಂಗಳೂರಿನಿಂದ ನೇರ ಟೋಕಿಯೊ, ಒಂದೇ ಸೆಕ್ಟರ್. ಜಪಾನಿನಲ್ಲಿ ರೈಲಿನಲ್ಲಿ ಓಡಾಡಿ ಟೋಕಿಯೊದಿಂದಲೇ ಮುಂದಕ್ಕೆ ಹಾರಿದರೆ ಟಿಕೆಟ್‌ಗೆ ಅದರ ಲೆಕ್ಕವೇ ಇಲ್ಲ. ಅಮೆರಿಕದಲ್ಲಿ ನಿಧಾನವಾಗಿ ಸುತ್ತಿ. ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಎಲ್ಲೂ ಇಳಿಯದೆ ಹಾರಲು ಒಂದೇ ಸಲ ಅವಕಾಶ, ಅದನ್ನು ಮಾತ್ರ ನೆನಪಿಡು.

ಲಂಡನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ 24 ಗಂಟೆ ದಾಟಿ ನಿಂತು ವಿಮಾನ ಹತ್ತಿದರೆ ಬ್ರಿಟನ್ ಸರ್ಕಾರದ ಪ್ರಯಾಣಿಕ ಸುಂಕ ಬೀಳುತ್ತದೆ. ದೂರದ ಪ್ರಯಾಣಕ್ಕೆ ಅದು ಸಣ್ಣ ಮೊತ್ತವಲ್ಲ. ಲಂಡನ್ ನೋಡಿ ಮುಗಿಸಿ ರೈಲಿನಲ್ಲಿ ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ದೋಹಾ ಮೇಲೆ ಮನೆಗೆ ಬಂದರೆ ಆ ಸುಂಕ ಇಲ್ಲ. ಇಳಿಯುವ ಊರು ಒಂದು, ಮತ್ತೆ ಹಾರುವ ಊರು ಇನ್ನೊಂದು ಆದ್ದರಿಂದ, ರೈಲಿನಲ್ಲಿ ಹೋದರೂ ಲಂಡನ್‌ನಿಂದ ಪ್ಯಾರಿಸ್‌ವರೆಗಿನ ಅಂತರ ಮಾತ್ರ ಒಂದು ಸೆಕ್ಟರ್ ತಿನ್ನುತ್ತದೆ. ಅದನ್ನು ಬುಕಿಂಗ್‌ನಲ್ಲೇ ನೆಲದ ಮೇಲಿನ ಪ್ರಯಾಣ ಅಂತ ಹಾಕಿಸು. ವಿಮಾನ ಅಂತ ಬುಕ್ ಮಾಡಿಸಿ ಸುಮ್ನೆ ಹತ್ತದೆ ಬಿಟ್ಟರೆ ಮುಂದಿನ ಸೆಕ್ಟರ್‌ಗಳೆಲ್ಲ ರದ್ದಾಗಬಹುದು.

ದಿನಾಂಕದ ಚಿಂತೆ ಅಷ್ಟು ಬೇಡ. ಟಿಕೆಟ್‌ಗೆ ಒಂದು ವರ್ಷದ ಅವಧಿ ಇದೆ, ಮಧ್ಯದ ತಾರೀಖು ಬದಲಿಸಬಹುದು. ದಾರಿ ಬದಲಿಸಿದರೆ ದುಡ್ಡು ಕಟ್ಟಬೇಕು. ಅಮೆರಿಕದ ವೀಸಾ ಮಾತ್ರ ಮೊದಲು ಕೈಗೆ ಬರಲಿ. ನಮ್ಮ ಪಾಸ್‌ಪೋರ್ಟ್‌ನವರಿಗೆ ಅಲ್ಲಿ ಬರೀ ವಿಮಾನ ಬದಲಿಸೋದಕ್ಕೂ ವೀಸಾ ಬೇಕು.

ಹೊಸ ಪಟ್ಟಿ ಬರೆದು ಕಳಿಸು. ಪ್ರತಿ ಊರಿನ ಪಕ್ಕ ಎಷ್ಟನೇ ಸೆಕ್ಟರ್ ಅಂತ ಹಾಕಿರು. ಕೂತು ನೋಡಿ ಹೇಳ್ತೀನಿ.

ನಿನ್ನ ಗೆಳೆಯ