ಆ್ಯಂಟಿವೈರಸ್ ಅಪ್‌ಡೇಟ್: ಎಲ್ಲವನ್ನೂ ಮುಂದೂಡುವುದು ಸರಿಯಲ್ಲ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಆ್ಯಂಟಿವೈರಸ್ ಅಪ್‌ಡೇಟ್‌ನ ಸೂಚನೆ ಕಂಡೊಡನೆ ಅದನ್ನು ಮುಂದೂಡುವುದು ನಮ್ಮ ಸಹಕಾರ ಸಂಘಗಳಲ್ಲಿ, ಶಾಲಾ ಕಚೇರಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಕಾರಣ ಕೇಳಿದರೆ ತಿಳಿದವರು 2024ರ ಜುಲೈ 19ನ್ನು ನೆನಪಿಸುತ್ತಾರೆ. ಅಂದು ಕಂಪ್ಯೂಟರ್ ರಕ್ಷಣೆಯ ತಂತ್ರಾಂಶ ಒದಗಿಸುವ ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ದೋಷಪೂರಿತ ಕಡತವೊಂದರಿಂದ, ಮೈಕ್ರೊಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತಗೊಂಡು ಪ್ರಯಾಣಿಕರು ಸಾಲುಗಟ್ಟಿ ನಿಲ್ಲಬೇಕಾಯಿತು. ಈ ಅಂಜಿಕೆಗೆ ಆಧಾರವಿದೆ, ನಿಜ. ಆದರೆ ಬರುವ ಎಲ್ಲ ಅಪ್‌ಡೇಟ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಹೊಸ ವೈರಸ್‌ಗಳ ಗುರುತುಗಳನ್ನು ಹೊತ್ತು ದಿನವೂ ಬರುವ ಕಡತಗಳು ಒಂದು ಬಗೆ. ಅವನ್ನು ತಡೆದರೆ ಆ್ಯಂಟಿವೈರಸ್ ಇದ್ದೂ ಇಲ್ಲದಂತೆ. ತಂತ್ರಾಂಶದ ಹೊಸ ಆವೃತ್ತಿ ಇನ್ನೊಂದು ಬಗೆ. ಇದು ವಿಂಡೋಸ್‌ನ ಒಳಪದರಕ್ಕೆ ಕೈಹಾಕುತ್ತದೆ, ಕೆಲವೊಮ್ಮೆ ಯಂತ್ರವನ್ನು ಮರುಚಾಲನೆ ಮಾಡಲು ಹೇಳುತ್ತದೆ, ಲೆಕ್ಕಪತ್ರದ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್, ಬೆರಳಗುರುತು ಓದುವ ಯಂತ್ರ ಇವುಗಳೊಡನೆ ಜಗಳವಾಡುವುದೂ ಉಂಟು. ಮಾರ್ಚ್ ಕೊನೆಯ ವಾರದಲ್ಲಿ ಇಂಥದ್ದಕ್ಕೆ ಒಪ್ಪಿಗೆ ಕೊಡಬೇಕಾದ ಅಗತ್ಯ ಯಾವ ಕಚೇರಿಗೂ ಇರುವುದಿಲ್ಲ. ಕಡತಗಳ ನಕಲನ್ನು ಬೇರೆಡೆ ಇರಿಸಿ, ಕೆಲಸ ಕಡಿಮೆಯಿರುವ ದಿನ ಒಂದು ಯಂತ್ರದಲ್ಲಿ ಮೊದಲು ಹಾಕಿ ನೋಡಿ, ಆಮೇಲೆ ಉಳಿದವಕ್ಕೆ ಹಾಕಬಹುದು.

ಹಾಗೆಂದು ದಿನದ ಕಡತಗಳಿಂದ ಅಪಾಯವೇ ಇಲ್ಲವೆನ್ನಲಾಗದು. 2010ರ ಏಪ್ರಿಲ್ 21ರಂದು ಮ್ಯಾಕಫೀ ಕಂಪನಿಯ ಇಂಥದೇ ಕಡತವು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ತಿಳಿದು ಅನೇಕ ಯಂತ್ರಗಳನ್ನು ಕೆಡಿಸಿತು. ಕ್ರೌಡ್‌ಸ್ಟ್ರೈಕ್‌ನದೂ ಹೊಸ ಆವೃತ್ತಿಯಾಗಿರಲಿಲ್ಲ; ಆದ್ದರಿಂದಲೇ ಬೇಕೆಂದು ಒಂದು ಆವೃತ್ತಿ ಹಿಂದೆ ಉಳಿದಿದ್ದ ಸಂಸ್ಥೆಗಳಿಗೂ ಅದರ ಪೆಟ್ಟು ತಪ್ಪಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಕಂಪನಿ ಆ ಕಡತವನ್ನು 78 ನಿಮಿಷಗಳಲ್ಲಿ ಹಿಂಪಡೆದಿತ್ತು, ಆ ಬಳಿಕ ಅಂತರ್ಜಾಲಕ್ಕೆ ಸೇರಿದ ಯಂತ್ರಗಳಿಗೆ ಏನೂ ಆಗಲಿಲ್ಲ. ಹಲವು ಯಂತ್ರಗಳಿರುವ ಕಚೇರಿಯು ಎಲ್ಲಕ್ಕೂ ಒಂದೇ ಗಳಿಗೆಯಲ್ಲಿ ಅಪ್‌ಡೇಟ್ ಇಳಿಯದಂತೆ ಕೆಲವು ಗಂಟೆಗಳ ಅಂತರವಿಟ್ಟರೆ ಸಾಕು, ತಿಂಗಳುಗಟ್ಟಲೆ ಕಾಯಬೇಕಿಲ್ಲ. ಮನೆಯಲ್ಲಿ ಒಂದೇ ಯಂತ್ರವಿದ್ದವರು ದಿನದ ಕಡತಗಳನ್ನು ತಾವಾಗಿಯೇ ಇಳಿಯಲು ಬಿಡುವುದು ಲೇಸು.

ವಿಳಂಬದ ಬೆಲೆಯೂ ಸಣ್ಣದಲ್ಲ. ಆ್ಯಂಟಿವೈರಸ್‌ನ ಮಾತಲ್ಲವಾದರೂ ಇಲ್ಲಿ ಹೇಳಲೇಬೇಕು: ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳಿದ ವಾನಾಕ್ರೈ ದಾಳಿ ನಡೆದದ್ದು 2017ರ ಮೇ 12ರಂದು, ಅದು ಬಳಸಿಕೊಂಡ ದೋಷಕ್ಕೆ ಮೈಕ್ರೊಸಾಫ್ಟ್ ಪರಿಹಾರ ಬಿಡುಗಡೆ ಮಾಡಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ.

ಇಷ್ಟನ್ನೆಲ್ಲ ವಿವೇಚಿಸುವ ಹೊಣೆಯನ್ನು ಟೈಪಿಸ್ಟ್ ಅಥವಾ ಗುಮಾಸ್ತರ ಮೇಲೆ ಹೊರಿಸುವುದು ನ್ಯಾಯವಲ್ಲ. ಬಂದಿರುವುದು ಯಾವ ಬಗೆಯ ಅಪ್‌ಡೇಟ್, ಮರುಚಾಲನೆ ಬೇಕೇ, ಬೇಡವಾದರೆ ಹಿಂದಕ್ಕೆ ಹೋಗಲು ದಾರಿಯಿದೆಯೇ ಎಂಬುದನ್ನು ಕಂಪನಿಗಳು ಕನ್ನಡದಲ್ಲಿಯೇ ಸೂಚನೆಯ ಜೊತೆ ತೋರಿಸಲಿ. ಬ್ರೌಸರ್‌ನಲ್ಲಿ ಮಿನುಗುವ ನಕಲಿ ‘ಅಪ್‌ಡೇಟ್ ಮಾಡಿ’ ಸಂದೇಶವನ್ನು ಅಸಲಿಯಿಂದ ಬೇರ್ಪಡಿಸಲೂ ಅದು ನೆರವಾದೀತು. ರಾಜ್ಯ ಸರ್ಕಾರವು ತನ್ನ ಕಚೇರಿಗಳಿಗೆ, ಸಹಕಾರ ಸಂಘಗಳಿಗೆ ಈ ಕುರಿತು ಒಂದು ಪುಟದ ಸುತ್ತೋಲೆಯನ್ನು ಹೊರಡಿಸಿ, ತಾಲ್ಲೂಕಿಗೊಬ್ಬರಾದರೂ ತಿಳಿದವರನ್ನು ಗೊತ್ತುಮಾಡಬೇಕೆಂದು ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿ ವೃತ್ತಿಯ ಓದುಗ, ತಿಪಟೂರು